ಗಡಿಕಲ್ಲು ಹೂತಲ್ಲಿ ಜಿಪಿಎಸ್

ಬೆಂಗಳೂರಿನ ಸುಂಕದಕಟ್ಟೆಯಲ್ಲಿ ಈಗ ಸೈಟಿನ ಮಾತೆಲ್ಲ ಚದರಡಿಯಲ್ಲಿ. ಎಕರೆ-ಗುಂಟೆ ಉಳಿದಿರುವುದು ಹಳೆಯ ದಾಖಲೆಗಳಲ್ಲಿ. ಅಲ್ಲಿನ ಅಳತೆ 33 ಅಡಿಯ ಸರಪಳಿಯದು, ಅದಕ್ಕೆ ಆಣೆ ಎಂಬ 16 ಭಾಗ. ಸರಪಳಿ ಉದ್ದ, ಸರಪಳಿ ಅಗಲವಾದರೆ 1,089 ಚದರಡಿ, ಅಂದರೆ ಒಂದು ಗುಂಟೆ. ಆ ಲೆಕ್ಕದ ಗಡಿಕಲ್ಲು ರಸ್ತೆಯಡಿ ಹೂತುಹೋದರೆ ಅಳತೆ ಶುರುಮಾಡುವುದು ಎಲ್ಲಿಂದ?

ಕಲ್ಲಿನ ಹಂಗಿಲ್ಲದೆ ಬಿಂದುವಿನ ಸ್ಥಾನ ಹೇಳುವ ಸ್ಟ್ಯಾಟಿಕ್ ಜಿಪಿಎಸ್ ನನಗೆ ಹಿಡಿಸುವುದು ಇಲ್ಲೇ. ಯೂ-ಬ್ಲಾಕ್ಸ್ ಎಫ್9ಪಿ ಚಿಪ್ಪಿನ ಅಂಗೈಯಗಲದ ಬೋರ್ಡು, ಆಂಟೆನಾ, ಟ್ರೈಪಾಡ್, ಇಷ್ಟೇ ಸರಂಜಾಮು. ಕಾಲು ಊರಿ, ಮಟ್ಟದ ಗುಳ್ಳೆಯನ್ನು ನಡುವಿಗೆ ತಂದು, ಆಂಟೆನಾದ ಎತ್ತರವನ್ನು ಟೇಪು ಹಿಡಿದು ಬರೆದುಕೊಂಡರೆ ಮುಂದೆ ಗಂಟೆಗಟ್ಟಲೆ ಅದನ್ನು ಮುಟ್ಟುವಂತಿಲ್ಲ. ಬೀದಿಯ ಹುಡುಗರನ್ನು ದೂರವಿಡುವುದೇ ದೊಡ್ಡ ಕೆಲಸ! ಆಮೇಲೆ ಆ ದಾಖಲೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ, ಐಜಿಎಸ್ ಎಂಬ ಅಂತರರಾಷ್ಟ್ರೀಯ ಜಾಲದ ಜಿಪಿಎಸ್ ನಿಲ್ದಾಣದ ದತ್ತಾಂಶದೊಡನೆ ಆರ್‌ಟಿಕೆಲಿಬ್ ಎಂಬ ಉಚಿತ ತಂತ್ರಾಂಶಕ್ಕೆ ಉಣಿಸಬೇಕು. ಎರಡೂ ಕಡೆ ಒಂದೇ ಬಗೆಯಾಗಿ ನುಸುಳಿದ ವಾಯುಮಂಡಲದ, ಉಪಗ್ರಹ ಗಡಿಯಾರದ ದೋಷ ಪರಸ್ಪರ ಕಳೆದುಹೋಗುತ್ತದೆ. ಬಯಲಿನಲ್ಲಾದರೆ ಉಳಿಯುವ ತಪ್ಪು ಸೆಂಟಿಮೀಟರುಗಳಷ್ಟೇ.

ಇಕ್ಕಟ್ಟಿನ ಗಲ್ಲಿಯಲ್ಲಿ ಮಾತ್ರ ಇದರ ಆಟ ನಡೆಯದು. ಸಂಕೇತ ಗೋಡೆಗೆ ಬಡಿದು ಸುತ್ತಿಬರುತ್ತದೆ. ಆಗ ತೆರೆದ ಜಾಗದಲ್ಲಿ ಎರಡು ಬಿಂದು ಗುರುತಿಸಿ, ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ನಿನಿಂದ ಒಳಕ್ಕೆ ಅಳೆಯುತ್ತ ಬರಬೇಕು. ಕಾನೂನಿನ ಗಡಿಗಂತೂ ಭೂಮಾಪನ ಇಲಾಖೆಯ ಅಳತೆಯೇ ಬೇಕು, ಬಿಡಿ.