‘ಯಾಮಾಟೊ’ ಚಿತ್ರಮಾಲೆಯಲ್ಲಿ ಕಾಲಗಣನೆ ಮತ್ತು ಪಾತ್ರಗಳ ವಯಸ್ಸು

ಕಳೆದ ವರ್ಷ ನಮ್ಮ ಸ್ನಾತಕೋತ್ತರ ತರಗತಿಯ ಇಬ್ಬರು ವಿದ್ಯಾರ್ಥಿಗಳು ಒಂದು ಕೋಷ್ಟಕವನ್ನು ತಂದು ನಮ್ಮ ಮುಂದಿಟ್ಟರು. ಯಾವುದೋ ರಾಜಮನೆತನದ ವಂಶಾವಳಿಯಿರಬೇಕೆಂದು ಮೊದಲು ಭಾವಿಸಿದೆವು. ಹಾಗಲ್ಲ, ಜಪಾನಿನ ದೂರದರ್ಶನದಲ್ಲಿ 1974ರಲ್ಲಿ ಆರಂಭವಾದ ‘ವ್ಯೋಮ ಸಮರನೌಕೆ ಯಾಮಾಟೊ’ ಎಂಬ ಆನಿಮೇಷನ್ ಚಿತ್ರಮಾಲೆಯ ಪಾತ್ರಗಳ ಜನನ, ಮರಣ, ವಯಸ್ಸುಗಳ ಪಟ್ಟಿ ಅದು. ನೌಕೆಯ ನಾಯಕನಾದ ಓಕಿತಾ ಜೂಜೊ ಎಂಬವನ ಮರಣದ ವರ್ಷವೊಂದನ್ನುಳಿದು ಮಿಕ್ಕ ಸಾಲುಗಳೆಲ್ಲ ತುಂಬಿದ್ದವು. ಆ ಸ್ಥಳದಲ್ಲಿ 2200 ಎಂದು ಬರೆದು ಹೊಡೆದುಹಾಕಿ, 2203 ಎಂದು ಬರೆದು ಅದನ್ನೂ ಹೊಡೆದುಹಾಕಲಾಗಿತ್ತು. ಯಾವುದು ಸರಿಯೆಂದು ಅವರು ಕೇಳಿದರು. ಕೂಡಲೆ ಉತ್ತರ ಹೇಳಲು ನಮ್ಮಿಂದಾಗಲಿಲ್ಲ.

ಇಂಥ ವಸ್ತು ಸಂಶೋಧನ ಪತ್ರಿಕೆಗೆ ತಕ್ಕುದೇ ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಆದರೆ ಪರಸ್ಪರ ವಿರುದ್ಧವಾದ ಆಧಾರಗಳಿಂದ ಕಾಲವನ್ನು ನಿರ್ಣಯಿಸುವುದು ನಮ್ಮ ನಿತ್ಯದ ಕೆಲಸ. ಆಧಾರವು ಶಾಸನವಾಗಿದ್ದರೂ ಚಿತ್ರವಾಗಿದ್ದರೂ ವಿಧಾನ ಒಂದೇ.

ಮೊದಲು ಕಥೆಯ ಸಾರವನ್ನು ಹೇಳಬೇಕು. ಕ್ರಿ.ಶ. 2199ರಲ್ಲಿ ಗಾಮಿಲಸ್ ಎಂಬ ಅನ್ಯಗ್ರಹದವರು ಎಸೆದ ಬಾಂಬುಗಳಿಂದ ಭೂಮಿ ವಿಕಿರಣದ ವಿಷದಲ್ಲಿ ಮುಳುಗಿದೆ. ಮನುಷ್ಯರು ನೆಲದೊಳಗೆ ಅಡಗಿದ್ದಾರೆ. ಅವರಿಗೆ ಉಳಿದಿರುವುದು ಒಂದೇ ವರ್ಷ. 1,48,000 ಜ್ಯೋತಿರ್ವರ್ಷಗಳಾಚೆಗಿರುವ ಇಸ್ಕಂದರ್ ಗ್ರಹದ ರಾಣಿ ಸ್ಟಾರ್ಷಾ ವಿಷಹಾರಕ ಯಂತ್ರವನ್ನು ಕೊಡುವುದಾಗಿ ಸಂದೇಶ ಕಳುಹಿಸುತ್ತಾಳೆ. 1945ರ ಏಪ್ರಿಲ್ 7ರಂದು ಮುಳುಗಿದ ಯಾಮಾಟೊ ಎಂಬ ಯುದ್ಧನೌಕೆಯ ಒಡಲಿನಿಂದ ವ್ಯೋಮನೌಕೆಯೊಂದನ್ನು ಸಿದ್ಧಪಡಿಸಿ, ಹೋಗಿಬರಲು ಹೊರಡುತ್ತಾರೆ. (ನಿಜವಾದ ಯಾಮಾಟೊ ಸಮುದ್ರತಳದಲ್ಲಿ ಎರಡು ತುಂಡಾಗಿ ಬಿದ್ದಿದೆಯೆಂಬುದು 1985ರ ಶೋಧನೆಯಿಂದ ಖಚಿತವಾಯಿತು. 1974ರ ಚಿತ್ರಕಾರರಿಗೆ ಅದು ತಿಳಿದಿರಲಿಲ್ಲವಾದುದರಿಂದ ಆ ದೋಷವನ್ನು ಅವರ ಮೇಲೆ ಹೊರಿಸಲಾಗದು.) ನೌಕೆಯ ತರುಣ ಅಧಿಕಾರಿ ಕೊಡಾಯ್ ಸುಸುಮುವಿಗೆ ಆಗ 18 ವರ್ಷ. ಮಿಕ್ಕ ವಯಸ್ಸುಗಳನ್ನೆಲ್ಲ ಅಳೆಯಲು ನಮಗಿರುವ ಗಟ್ಟಿಯಾದ ಗೂಟ ಇದೊಂದೇ.

1974ರ ಅಕ್ಟೋಬರ್ 6ರಿಂದ 1975ರ ಮಾರ್ಚ್ 30ರವರೆಗೆ ಪ್ರಸಾರವಾದ ಈ ಮೊದಲ ಸರಣಿಯ 26 ಕಂತುಗಳಲ್ಲಿ ಕಾಲವೇ ಕಥೆಯ ವಿಷಯ. ಮಾನವಕುಲದ ನಾಶಕ್ಕೆ ಇನ್ನೆಷ್ಟು ದಿನಗಳಿವೆಯೆಂಬುದನ್ನು ಕಂತಿನ ಕೊನೆಯಲ್ಲಿ ತಪ್ಪದೆ ತಿಳಿಸಲಾಗುತ್ತದೆ. ಚರಿತ್ರಕಾರನಿಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಕೆ? ಪ್ರತಿಯೊಂದು ಘಟನೆಯೂ ತನ್ನ ತಿಥಿಯನ್ನು ತಾನೇ ಹೊತ್ತು ಬರುತ್ತದೆ. ನೌಕೆಯು ಎಲ್ಲಿಯಾದರೂ ತಡೆದು ನಿಂತರೆ ಆ ವಿಳಂಬವು ಲೆಕ್ಕದಲ್ಲಿ ಕಾಣುತ್ತದೆ. ಸಿಬ್ಬಂದಿಯ ಮನಸ್ಸಿನಲ್ಲಿಯೂ ಕಾಣುತ್ತದೆ.

ವಯಸ್ಸಿಗೂ ಇಲ್ಲಿ ಇಂಥದೇ ಬೆಲೆಯಿದೆ. ನೌಕೆಯು ಸೌರಮಂಡಲವನ್ನು ದಾಟುವ ಮುನ್ನ ಎಲ್ಲರಿಗೂ ತಮ್ಮ ಮನೆಯವರೊಡನೆ ಕೊನೆಯ ಬಾರಿ ಮಾತನಾಡುವ ಅವಕಾಶ ದೊರೆಯುತ್ತದೆ. ಕೊಡಾಯ್‌ನ ತಂದೆತಾಯಿಗಳು ಬಾಂಬಿನಿಂದ ಸತ್ತಿದ್ದಾರೆ. ಓಕಿತಾನ ಮಗ ಯುದ್ಧದಲ್ಲಿ ಸತ್ತಿದ್ದಾನೆ. ಮಾತನಾಡಲು ಯಾರೂ ಇಲ್ಲದ ಇಬ್ಬರೂ ಜೊತೆಯಲ್ಲಿ ಕುಳಿತು ಮದ್ಯ ಕುಡಿಯುತ್ತಾರೆ. ತಂದೆಯಿಲ್ಲದ ತರುಣ, ಮಗನಿಲ್ಲದ ಮುದುಕ: ಇವರ ನಡುವಣ ವಯಸ್ಸಿನ ಅಂತರವನ್ನು ಅಳಿಸಿದರೆ ಆ ದೃಶ್ಯದಲ್ಲಿ ಏನೂ ಉಳಿಯದು. ಕೊನೆಯ ಕಂತಿನಲ್ಲಿ ಭೂಮಿಯನ್ನು ದೂರದಿಂದ ಕಂಡು ಓಕಿತಾ ಕಣ್ಣುಮುಚ್ಚುತ್ತಾನೆ. ವೈದ್ಯ ಸಾದೊ ಅವನಿಗೆ ವಂದಿಸುತ್ತಾನೆ. ವರ್ಷ 2200. ನಮ್ಮ ವಿದ್ಯಾರ್ಥಿಗಳು ಮೊದಲು ಬರೆದದ್ದು ಇದನ್ನೇ.

ಪ್ರೇಕ್ಷಕರ ಸಂಖ್ಯೆ ಕಡಮೆಯಾದುದರಿಂದ ಮೊದಲ ಸರಣಿಯನ್ನು ಯೋಜನೆಗಿಂತ ಮೊಟಕುಗೊಳಿಸಬೇಕಾಯಿತು. ಆದರೆ 1977ರಲ್ಲಿ ಅದನ್ನೇ ಸಂಕ್ಷೇಪಿಸಿ ಚಲನಚಿತ್ರವಾಗಿ ತೋರಿಸಿದಾಗ ಜನ ಮುಗಿಬಿದ್ದರು. 1978ರ ಆಗಸ್ಟ್ 5ರಂದು ‘ವಿದಾಯ, ಯಾಮಾಟೊ’ ತೆರೆಕಂಡಿತು. ತೊಡಕಿನ ಮೂಲ ಇಲ್ಲಿದೆ. 2201ರಲ್ಲಿ ನಡೆಯುವ ಈ ಕಥೆಯಲ್ಲಿ ನೌಕೆಯ ಬಹುಮಂದಿ ಸಾಯುತ್ತಾರೆ. ವೈದ್ಯ ಸಾದೊ ಸಾಯುತ್ತಾನೆ. ವಿಜ್ಞಾನಿ ಸನಾದಾ ಸಾಯುತ್ತಾನೆ. ಕೊಡಾಯ್ ತನ್ನ ಪ್ರಿಯತಮೆ ಯೂಕಿಯ ಶವವನ್ನು ಪಕ್ಕದಲ್ಲಿರಿಸಿಕೊಂಡು ಶತ್ರುನೌಕೆಯ ಮೇಲೆ ಯಾಮಾಟೊವನ್ನು ನಡೆಸುತ್ತಾನೆ. ಯಾಮಾಟೊ ಇನ್ನು ಮರಳಿ ಬಾರದೆಂದು ಪರದೆಯ ಮೇಲೆಯೇ ಬರೆದು ತೋರಿಸಲಾಯಿತು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ದೂರದರ್ಶನದಲ್ಲಿ ‘ಯಾಮಾಟೊ 2’ ಆರಂಭವಾಯಿತು. ಅದೇ 2201, ಅದೇ ಶತ್ರು, ಅದೇ ಯುದ್ಧ. ಆದರೆ ಕೊನೆಯಲ್ಲಿ ಕೊಡಾಯ್, ಯೂಕಿ, ಸನಾದಾ, ಸಾದೊ ಎಲ್ಲರೂ ಜೀವದಿಂದಿದ್ದಾರೆ.

ಒಂದೇ ವರ್ಷಕ್ಕೆ ಎರಡು ಸಾಕ್ಷ್ಯಗಳು. ಎರಡೂ ಒಂದೇ ಕಾರ್ಯಾಗಾರದಿಂದ ಹೊರಟವು. ಮುಂದಿನ ಕಥೆಗಳೆಲ್ಲ ಎರಡನೆಯದನ್ನೇ ಅನುಸರಿಸಿದುದರಿಂದ ಮೊದಲನೆಯದನ್ನು ‘ಬೇರೆ ಕವಲು’ ಎಂದು ಬದಿಗಿಡುವುದು ರೂಢಿಯಾಗಿದೆ. ಪಟ್ಟಿ ಮಾಡುವವರಿಗೆ ಇದು ಅನುಕೂಲ. ಆದರೆ ‘ವಿದಾಯ’ವು ಕಾಲದಲ್ಲಿ ಹಿಂದಿನದು, ಅದನ್ನು ನೋಡಿ ಅತ್ತವರಿಗೆ ಅದು ಕವಲಾಗಿರಲಿಲ್ಲ, ಕೊನೆಯಾಗಿತ್ತು. ನಂತರದ ದಾಖಲೆಯು ಹಿಂದಿನದನ್ನು ತಿದ್ದಿದರೆ ಚರಿತ್ರಕಾರನು ತಿದ್ದುಪಡಿಯನ್ನು ಗುರುತುಮಾಡಬೇಕಲ್ಲದೆ ಹಿಂದಿನ ದಾಖಲೆಯನ್ನು ಮರೆಯಬಾರದು. ನಮ್ಮ ಶಾಸನಗಳಲ್ಲಿ ಶಕವರ್ಷಕ್ಕೂ ಸಂವತ್ಸರದ ಹೆಸರಿಗೂ ಹೊಂದಿಕೆಯಾಗದಾಗ, ಹೊಂದಿಸುವ ಆತುರದಲ್ಲಿ ಒಂದನ್ನು ಒರಸಿಹಾಕುವವನನ್ನು ನಾವು ಒಪ್ಪುವುದಿಲ್ಲವಷ್ಟೆ?

ತಿದ್ದುಪಡಿಯ ಫಲವನ್ನು ಸಾಷಾ ಎಂಬ ಹುಡುಗಿಯ ವಯಸ್ಸಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ಇವಳು ಕೊಡಾಯ್‌ನ ಅಣ್ಣ ಮಾಮೊರು ಮತ್ತು ರಾಣಿ ಸ್ಟಾರ್ಷಾ ಇವರ ಮಗಳು. 1979ರ ‘ಹೊಸ ಪಯಣ’ದಲ್ಲಿ ಇವಳು ಕೈಗೂಸು. 1980ರ ಆಗಸ್ಟ್ 2ರಂದು ಬಂದ ‘ಯಾಮಾಟೊ ಚಿರವಾಗಲಿ’ ಎಂಬ ಚಿತ್ರದ ಕಥೆ ನಡೆಯುವುದು 2202ರಲ್ಲಿ. ಅಲ್ಲಿ ಇವಳು ಹದಿಹರೆಯದ ಯುವತಿ, ಚಿಕ್ಕಪ್ಪನಾದ ಕೊಡಾಯ್‌ನ ಮೇಲೆ ಅನುರಾಗವುಳ್ಳವಳು. ಇಸ್ಕಂದರ್ ಗ್ರಹದವರು ಒಂದೇ ವರ್ಷದಲ್ಲಿ ಬೆಳೆದುಬಿಡುತ್ತಾರೆಂಬುದು ಚಿತ್ರದ ಸಮಾಧಾನ. ಇದನ್ನು ನಾವು ಒಪ್ಪಲಾರೆವು. ಗ್ರಹದ ಸ್ವಭಾವದಿಂದ ವಯಸ್ಸು ಬಂದುದಲ್ಲ. ಕಥೆಗೆ ಒಬ್ಬ ಹೊಸ ನಾಯಕಿ ಬೇಕಾಗಿದ್ದಳು, ಆದುದರಿಂದ ಗ್ರಹಕ್ಕೆ ಆ ಸ್ವಭಾವ ಬಂದಿತು. ಇವಳನ್ನು ಸಾಕಿದವನು ಸನಾದಾ. ‘ವಿದಾಯ’ದಲ್ಲಿ ಸತ್ತ ಅದೇ ಸನಾದಾ! ಸತ್ತವನು ಸಾಕಿದ ಮಗು ಒಂದೇ ವರ್ಷದಲ್ಲಿ ಪ್ರಾಯಕ್ಕೆ ಬಂದು, ಅದೇ ಚಿತ್ರದಲ್ಲಿ ಸಾಯುತ್ತದೆ. ಮೊದಲ ಸರಣಿಯಲ್ಲಿ ಒಂದೊಂದು ದಿನಕ್ಕೂ ಲೆಕ್ಕವಿದ್ದ ಕಡೆ ಈಗ ಹದಿನಾರು ಹದಿನೇಳು ವರ್ಷಗಳು ಲೆಕ್ಕವಿಲ್ಲದೆ ಜಾರಿಹೋದವು.

‘ಯಾಮಾಟೊ 3’ (1980–81) ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಅದರ ಕಥೆಯನ್ನು 2205ಕ್ಕೆ ಸೇರಿಸುವ ವಾಡಿಕೆಯಿತ್ತು. ಆದರೆ ಅದರ ನಂತರದ ಕಥೆಯಾದ ‘ಅಂತಿಮ ಯಾಮಾಟೊ’ (1983) ತನ್ನನ್ನು 2203ರಲ್ಲಿ ಇರಿಸಿಕೊಂಡುದರಿಂದ, ಹಿಂದಿನದನ್ನೂ ಹಿಂದಕ್ಕೆ ತಳ್ಳಬೇಕಾಯಿತು. ಹೀಗಾಗಿ 2199ರಿಂದ 2203ರೊಳಗಿನ ನಾಲ್ಕು ವರ್ಷಗಳಲ್ಲಿ ಐದಾರು ಮಹಾಯುದ್ಧಗಳು ತುರುಕಲ್ಪಟ್ಟಿವೆ. ಇಷ್ಟಾದರೂ ಕೊಡಾಯ್‌ಗೆ 22 ದಾಟಿಲ್ಲ.

ಈ ‘ಅಂತಿಮ’ದಲ್ಲಿಯೇ ಓಕಿತಾ ಮರಳಿ ಬರುತ್ತಾನೆ. ಅವನು ಸತ್ತನೆಂದು ತಾನು ನಿರ್ಣಯಿಸಿದ್ದು ತಪ್ಪಾಗಿತ್ತೆಂದು ವೈದ್ಯ ಸಾದೊ ಹೇಳುತ್ತಾನೆ. ‘ವೀರರ ಗುಡ್ಡ’ದ ಮೇಲೆ ಓಕಿತಾನ ಪ್ರತಿಮೆಯಿದೆ, ಅವನ ಸಂಗಡಿಗರು ಅದರ ಕೆಳಗೆ ಸೇರಿ ಸತ್ತವರನ್ನು ನೆನೆದ ದೃಶ್ಯವನ್ನು ನಾವು ‘ವಿದಾಯ’ದಲ್ಲಿ ಕಂಡಿದ್ದೇವೆ. ಆ ವೇಳೆಗೆ ಅವನು ಬದುಕಿಯೇ ಇದ್ದನೆನ್ನಬೇಕಾಗುತ್ತದೆ. ಚಿತ್ರದ ಕೊನೆಯಲ್ಲಿ ಭೂಮಿಯನ್ನು ಜಲಪ್ರಳಯದಿಂದ ಉಳಿಸಲು ಅವನು ನೌಕೆಯೊಡನೆ ಮತ್ತೊಮ್ಮೆ ಸಾಯುತ್ತಾನೆ. ಆ ದೃಶ್ಯ ಭವ್ಯವಾಗಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎರಡನೆಯ ಮರಣಕ್ಕಾಗಿ ಮೊದಲನೆಯದನ್ನು ವೈದ್ಯನ ತಪ್ಪೆಂದು ಬರೆಯಬೇಕಾಯಿತು. ಭೂಮಿಯನ್ನು ಕಂಡು ಕಣ್ಣುಮುಚ್ಚಿದ ಮುದುಕನ ಬೆಲೆ ಅಷ್ಟರಮಟ್ಟಿಗೆ ಇಳಿಯಿತು. ಈ ಚಿತ್ರಮಾಲೆಯ ನಿಜವಾದ ನಷ್ಟ ಇದು. ವರ್ಷಗಳ ಅಸಂಗತಿ ಅದರ ಹೊರಗುರುತು ಮಾತ್ರ.

ಇನ್ನೊಂದು ಲೆಕ್ಕವೂ ಇದೆ. ಕಥೆಯ ಒಳಗನ್ನೇ ಅಳೆಯುವವರು ಇದನ್ನು ಗಮನಿಸುವುದಿಲ್ಲ. 1974ರಲ್ಲಿ 15 ವರ್ಷದ ಹುಡುಗನೊಬ್ಬನು ಮೊದಲ ಕಂತನ್ನು ನೋಡಿದನೆಂದು ಭಾವಿಸೋಣ. ಅವನಿಗೆ ಕೊಡಾಯ್ ಮೂರು ವರ್ಷ ಹಿರಿಯ, ಅಣ್ಣನ ಸಮಾನ. 1983ರಲ್ಲಿ ಹುಡುಗನಿಗೆ 24, ಕೊಡಾಯ್‌ಗೆ 22. ಅಣ್ಣ ಈಗ ತಮ್ಮನಾಗಿದ್ದಾನೆ. 2009ರ ಡಿಸೆಂಬರಿನಲ್ಲಿ ‘ಪುನರುತ್ಥಾನ’ ಚಿತ್ರ ಬಂದಾಗ ಕಥೆಯ ವರ್ಷ 2220, ಕೊಡಾಯ್‌ನ ವಯಸ್ಸು 38. ಹುಟ್ಟುದಿನದ ಹಿಂದುಮುಂದನ್ನು ಗಣಿಸಿದರೆ ಇದು 2199ರ 18ಕ್ಕೆ ಸರಿಯಾಗಿಯೇ ಹೊಂದುತ್ತದೆ. ಆದರೆ ನೋಡುವವನಿಗೆ 50 ತುಂಬಿದೆ. ಮೊದಲಿನಿಂದ ಕೊಡಾಯ್‌ಗೆ ದನಿಯಾಗಿದ್ದ ನಟ ತೋಮಿಯಾಮಾ ಕೇಯ್ 1995ರಲ್ಲಿಯೇ ತೀರಿಕೊಂಡಿದ್ದನು. ಅವನ ಸಾವನ್ನು ಯಾವ ಮುಂದಿನ ಕಂತೂ ತಿದ್ದಲಿಲ್ಲ.

2012–13ರಲ್ಲಿ ಮೊದಲ ಸರಣಿಯನ್ನು ಹೊಸದಾಗಿ ರಚಿಸಿದವರು ಕೊಡಾಯ್‌ನ ವಯಸ್ಸನ್ನು 20ಕ್ಕೆ ಏರಿಸಿದರು. ಇಷ್ಟು ಎಳೆಯರಿಗೆ ಉನ್ನತ ಪದವಿ ಹೇಗೆ ಬಂತೆಂಬುದಕ್ಕೆ, ನಿಯುಕ್ತರಾಗಿದ್ದ ಹಿರಿಯ ಅಧಿಕಾರಿಗಳು ಶತ್ರುಗಳ ದಾಳಿಯಲ್ಲಿ ಸತ್ತರೆಂಬ ಕಾರಣವನ್ನೂ ಸೇರಿಸಿದರು. ಇದು ಪ್ರಾಮಾಣಿಕವಾದ ಕ್ರಮ. ಹಳೆಯದರ ಮೇಲೆ ತೇಪೆ ಹಾಕದೆ ಬೇರೆಯೇ ಗ್ರಂಥವನ್ನು ಬರೆದಂತಾಯಿತು. ಇವನ 20ನ್ನು ಅವನ 18ರೊಡನೆ ಹೊಂದಿಸಬೇಕಾದ ಕಾರಣವಿಲ್ಲ.

ವಿದ್ಯಾರ್ಥಿಗಳಿಗೆ ಕೊನೆಗೆ ನಾವು ಹೇಳಿದುದಿಷ್ಟು: ಒಂದೇ ಕೋಷ್ಟಕ ಸಾಲದು, ಒಂದೊಂದು ಕೃತಿಗೂ ಒಂದೊಂದು ಅಂಕಣವಿರಲಿ, ಅದರ ತಲೆಯ ಮೇಲೆ ಅದು ತೆರೆಕಂಡ ವರ್ಷವಿರಲಿ. 1975ರ ಅಂಕಣದಲ್ಲಿ ಓಕಿತಾ 2200ರಲ್ಲಿ ಸತ್ತನು; 1983ರ ಅಂಕಣದಲ್ಲಿ 2203ರಲ್ಲಿ. ಎರಡನ್ನೂ ಹೊಡೆದುಹಾಕಬೇಕಾಗಿಲ್ಲ. ಅವರು ಒಪ್ಪಿದರು, ಸಾಷಾಳ ವಯಸ್ಸಿಗೆ ಏನು ಬರೆಯಬೇಕೆಂದು ಮಾತ್ರ ಮತ್ತೆ ಕೇಳಿದರು. ಆ ಮನೆಯನ್ನು ಖಾಲಿ ಬಿಡಲು ಹೇಳಿದೆವು.