ಕೆಂಧೂಳಿಗೆ ಸೋಲದ ಕೈ

ಬಳ್ಳಾರಿಯ ಪಾರ್ವತಿನಗರದ ಮನೆಗಳ ಮುಂದೆ ನಿಲ್ಲುವ ಬೊಲೆರೊ ಊರೊಳಗಷ್ಟೇ ಓಡುವ ಗಾಡಿಯಲ್ಲ. ಇವತ್ತು ಸಂಡೂರಿನ ಗಣಿ ರಸ್ತೆಯ ಕೆಂಧೂಳು, ನಾಳೆ ಸಿರುಗುಪ್ಪದ ಭತ್ತದ ಗದ್ದೆ ಬದಿಯ ಎರೆಮಣ್ಣಿನ ಕೆಸರು. 2000ರಲ್ಲಿ ಮಾರುಕಟ್ಟೆಗೆ ಬಂದ ಈ ಗಾಡಿ ಗಟ್ಟಿ, ನಿಜ. ಆ ಗಟ್ಟಿತನ ಉಳಿಸುವುದು ಮಾತ್ರ ಮೆಕ್ಯಾನಿಕ್‌ನ ಕೈ.

ಪಳಗಿದ ಮೆಕ್ಯಾನಿಕ್ ಕೆಲಸ ಮಾಡುವುದನ್ನು ನೋಡುವುದೇ ಒಂದು ಸುಖ. ಏರ್ ಫಿಲ್ಟರನ್ನು ಆತ ನೆಲಕ್ಕೆ ಬಡಿಯುವುದಿಲ್ಲ; ಕಾಗದದ ಮಡಿಕೆ ಹರಿಯದಂತೆ ಒಳಗಿನಿಂದ ಹೊರಕ್ಕೆ ಹದವಾಗಿ ಗಾಳಿ ಹೊಡೆಯುತ್ತಾನೆ. ಹೊರಗಿನಿಂದ ಹೊಡೆದರೆ ಧೂಳು ಇನ್ನೂ ಆಳಕ್ಕಿಳಿಯುತ್ತದೆ. ಆಮೇಲೆ ಬೆಳಕಿಗೆ ಹಿಡಿದು ತೂತು ಹುಡುಕುತ್ತಾನೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ ಗ್ರೀಸ್ ಗನ್ ಒತ್ತುವಾಗ ಕಣ್ಣು ಸೀಲಿನ ಅಂಚಿನ ಮೇಲೆ: ಮಣ್ಣು ಬೆರೆತ ಹಳೆಯ ಗ್ರೀಸ್ ಹೊರಬಿದ್ದು, ಹೊಸದು ಇಣುಕಿದ ಮೇಲೇ ಕೈ ನಿಲ್ಲುತ್ತದೆ. ಡೀಸೆಲ್ ಫಿಲ್ಟರಿನ ತಳದಲ್ಲಿ ಕೂತ ನೀರನ್ನು ಇಳಿಸುತ್ತಾನೆ. ಹಿಂಬದಿಯ ಕಮಾನು ಪಟ್ಟಿಗಳ ಮೇಲೆ ಟಾರ್ಚ್ ಹಾಯಿಸಿ ಕೂದಲೆಳೆಯಂಥ ಬಿರುಕನ್ನೂ ಹಿಡಿಯುತ್ತಾನೆ. ಚಕ್ರದ ನಟ್ಟುಗಳನ್ನು ಸಾಲಾಗಿ ಅಲ್ಲ, ಒಂದು ಬಿಟ್ಟು ಒಂದರಂತೆ ಬಿಗಿಯುತ್ತಾನೆ. ಆಗಲೇ ಚಕ್ರ ಸಮನಾಗಿ ಕೂರುವುದು. ಕೊನೆಗೆ ಎಂಜಿನ್ ಚಾಲೂ ಮಾಡಿ ಮಾತಿಲ್ಲದೆ ಕಿವಿಗೊಡುತ್ತಾನೆ.

ಇದರಲ್ಲಿ ಯಾವುದೂ ಬಿಲ್ಲಿನಲ್ಲಿ ದೊಡ್ಡದಾಗಿ ಕಾಣುವುದಿಲ್ಲ. ನಮ್ಮಂಥ ಧೂಳಿನ ಸೀಮೆಯಲ್ಲಿ ಕೈಪಿಡಿ ಹೇಳಿದ ಕಿಲೋಮೀಟರಿಗೂ ಮುಂಚೆಯೇ ಫಿಲ್ಟರ್ ತೆಗೆಸಿ ನೋಡಿ. ಹಾಗೆ ಕಣ್ಣಿಟ್ಟು ನೋಡುವವನ ಕೂಲಿಯಲ್ಲಿ ಮಾತ್ರ ಚೌಕಾಸಿ ಮಾಡಬೇಡಿ.