ನೀಹಾರಿಕೆಯ ಚಿತ್ರವೂ ಪಾಠಪರಿಷ್ಕರಣವೂ

ಕಣ್ಣಿಗೆ ಕಾಣದ ವಸ್ತುವಿನ ಚಿತ್ರವು ಯಥಾರ್ಥವಾಗಿದೆಯೆಂದು ನಿರ್ಣಯಿಸುವುದು ಹೇಗೆ? ಮನೆಯ ಹಿತ್ತಿಲಲ್ಲಿ ಸಣ್ಣ ದೂರದರ್ಶಕವನ್ನು ನಿಲ್ಲಿಸಿ ಮಸುಕಾದ ಗ್ರಹೀಯ ನೀಹಾರಿಕೆಗಳ ಛಾಯಾಚಿತ್ರವನ್ನು ತೆಗೆಯುವ ಹವ್ಯಾಸವು ಹರಡಿರುವುದರಿಂದ, ಈ ಪ್ರಶ್ನೆಯು ವಿಮರ್ಶಕನಿಗೂ ಸಂಬಂಧಪಟ್ಟುದಾಗಿದೆ. ಇಂಥ ಚಿತ್ರಗಳನ್ನು ಅಂದಕ್ಕಾಗಿ ಹೊಗಳಿ ಸುಮ್ಮನಾಗುವುದು ವಾಡಿಕೆ. ಆದರೆ ಓಲೆಯ ಪ್ರತಿಗಳಿಂದ ಕಾವ್ಯವನ್ನು ಪರಿಷ್ಕರಿಸುವವನಿಗೆ ಯಾವ ನಿಯಮಗಳುಂಟೋ ಬಹುಮಟ್ಟಿಗೆ ಅವೇ ಇಲ್ಲಿಯೂ ಸಲ್ಲತಕ್ಕವು.

ಮೊದಲು ಹೆಸರಿನ ವಿಚಾರ. ಗ್ರಹೀಯ ನೀಹಾರಿಕೆಗೂ ಗ್ರಹಕ್ಕೂ ಯಾವ ನಂಟೂ ಇಲ್ಲ. ಸೂರ್ಯನಂಥ ನಕ್ಷತ್ರವು ತನ್ನ ಅಂತ್ಯಕಾಲದಲ್ಲಿ ಹೊರಪದರಗಳನ್ನು ಕಳಚುತ್ತದೆ. ಒಳಗೆ ಉಳಿದ ಅತ್ಯುಷ್ಣವಾದ ತಿರುಳಿನ ಕಿರಣಗಳಿಂದ ಆ ಅನಿಲವು ಬೆಳಗುತ್ತದೆ. 1781ರಲ್ಲಿ ಯುರೇನಸ್ಸನ್ನು ಕಂಡುಹಿಡಿದ ವಿಲಿಯಂ ಹರ್ಷೆಲನು, ಆ ಗ್ರಹದ ಬಿಂಬವನ್ನು ಹೋಲುವುದೆಂಬ ಕಾರಣದಿಂದ ಆ ದಶಕದಲ್ಲಿಯೇ ಈ ಹೆಸರನ್ನಿಟ್ಟನು. 1864ರಲ್ಲಿ ವಿಲಿಯಂ ಹಗ್ಗಿನ್ಸನು ಇಂಥದೊಂದರ ಬೆಳಕನ್ನು ರೋಹಿತದರ್ಶಕದಿಂದ ಬಿಡಿಸಿ ನೋಡಲು, ಕೆಲವು ಹೊಳೆವ ರೇಖೆಗಳು ಮಾತ್ರ ಕಂಡು, ಅದು ಅನಿಲವೆಂಬುದು ಸಿದ್ಧವಾಯಿತು. ಹೀಗೆ ಅನ್ವರ್ಥವೆಂದು ಇಟ್ಟ ಹೆಸರು ಅರ್ಥವನ್ನು ಕಳೆದುಕೊಂಡು ರೂಢನಾಮವಾಗಿ ಉಳಿಯಿತು. ಕನ್ನಡದ ಪದವೂ ಅದರ ನೆರಳೇ ಆದುದರಿಂದ, ಪಾಠ ಹೇಳುವವರು ಈ ಭೇದವನ್ನು ಮೊದಲೇ ತಿಳಿಸುವುದು ಒಳ್ಳೆಯದು.

ಇನ್ನು ಸ್ಥಳದ ವಿಚಾರ. ಕೃಷ್ಣರಾಜನಗರದ ಸೀಮೆಯ ಹೊಸ ಅಗ್ರಹಾರದ ಅಕ್ಷಾಂಶವು ಸುಮಾರು ಹನ್ನೆರಡೂವರೆ ಅಂಶ. ಜಾರ್ಜ್ ಏಬೆಲ್ ಪಾಲೋಮಾರ್ ಸಮೀಕ್ಷೆಯ ಫಲಕಗಳಲ್ಲಿ ಗುರುತಿಸಿ, 1966ರ ತನ್ನ 86 ನೀಹಾರಿಕೆಗಳ ಪಟ್ಟಿಯಲ್ಲಿ 21ನೆಯದಾಗಿ ಸೇರಿಸಿದ ಮಿಥುನ ರಾಶಿಯ 'ಮೆಡೂಸಾ' ನೀಹಾರಿಕೆಯ ಕ್ರಾಂತಿಯು ಸುಮಾರು ಹದಿಮೂರು ಅಂಶ. ಆದುದರಿಂದ ಅದು ಅಲ್ಲಿನ ಹಿತ್ತಿಲಿನ ನೆತ್ತಿಯ ಬಳಿಯೇ ಹಾದುಹೋಗುತ್ತದೆ. ಅದೂ ಜನವರಿಯ ನಡುರಾತ್ರಿ, ಮಳೆಗಾಲ ಕಳೆದ ಮೇಲೆ. ಚಂದ್ರಬಿಂಬದ ಮೂರನೆಯ ಒಂದರಷ್ಟು ಅಗಲವಿದ್ದರೂ ಬೆಳಕು ತೆಳುವಾಗಿ ಹರಡಿರುವುದರಿಂದ ಬರಿಗಣ್ಣಿಗೆ ಅದು ಇಲ್ಲವೇ ಇಲ್ಲ. ಅದನ್ನು ಹಿಡಿಯಲು ಜಲಜನಕದ 656.3 ಮತ್ತು ಆಮ್ಲಜನಕದ 500.7 ನ್ಯಾನೊಮೀಟರಿನ ಬೆಳಕನ್ನು ಮಾತ್ರ ಬಿಡುವ ಶೋಧಕಗಳನ್ನು ಇಟ್ಟು, ಐದೈದು ನಿಮಿಷಗಳ ನೂರು ಪ್ರತಿಗಳನ್ನು, ಎಂದರೆ ಎಂಟು ಗಂಟೆಗೂ ಮಿಕ್ಕಿದ ಬೆಳಕನ್ನು, ಕೂಡಿಸಬೇಕಾಗುತ್ತದೆ.

ಪರಿಷ್ಕರಣದ ನ್ಯಾಯವು ಪ್ರವೇಶಿಸುವುದು ಇಲ್ಲಿಯೇ. ಒಂದೊಂದು ಪ್ರತಿಯೂ ದೋಷಭರಿತ. ಆದರೆ ಲಿಪಿಕಾರರ ಕೈತಪ್ಪುಗಳಂತೆ ಆಕಸ್ಮಿಕ ದೋಷಗಳು ಪ್ರತಿಯಿಂದ ಪ್ರತಿಗೆ ಬೇರೆ ಬೇರೆ. ನೂರನ್ನು ಸರಾಸರಿ ಮಾಡಿದರೆ ಅವು ಹತ್ತನೆಯ ಒಂದಕ್ಕೆ ಇಳಿದು, ಎಲ್ಲದರಲ್ಲಿಯೂ ಸಮಾನವಾದುದು ಮೇಲೇಳುತ್ತದೆ. ಅಷ್ಟರಿಂದ ತೃಪ್ತಿಪಡಲಾಗದು. ಒಂದೇ ಮಾತೃಕೆಯಿಂದ ಇಳಿದ ನೂರು ಓಲೆಗಳು ಅದರ ತಪ್ಪನ್ನು ನೂರು ಸಲ ಹೇಳುತ್ತವೆಯೇ ಹೊರತು ನೂರು ಸಾಕ್ಷಿಗಳಾಗಲಾರವು. ಹಾಗೆಯೇ ಒಂದೇ ಮಸೂರದ ಧೂಳು, ಒಂದೇ ಗ್ರಾಹಕದ ಬಿಸಿಚುಕ್ಕೆ ಎಲ್ಲ ಪ್ರತಿಗಳಲ್ಲಿಯೂ ಇರುತ್ತವೆ. ಇವನ್ನು ತಿಳಿಯಲು ಮುಚ್ಚಳ ಹಾಕಿ ತೆಗೆದ ಕತ್ತಲ ಪ್ರತಿಗಳೂ ಸಮಪ್ರಕಾಶದ ಮುಂದೆ ತೆಗೆದ ಪ್ರತಿಗಳೂ ಬೇಕು.

ಈ ಎರಡು ವಿದ್ಯೆಗಳು ಒಬ್ಬರಲ್ಲಿಯೇ ಕೂಡಿದ್ದ ನಿದರ್ಶನವು ಕನ್ನಡದಲ್ಲಿಯೇ ಉಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿ, 1918ರಲ್ಲಿ 'ವಿಜ್ಞಾನ' ಪತ್ರಿಕೆಯನ್ನು ಆರಂಭಿಸಿದವರಲ್ಲಿ ಒಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರೇ, 1898ರಲ್ಲಿ ಬಿ. ಎಲ್. ರೈಸರು ಮೊದಲು ಅಚ್ಚು ಹಾಕಿಸಿದ್ದ ಪಂಪಭಾರತವು 1931ರಲ್ಲಿ ಪರಿಷತ್ತಿನಿಂದ ಪರಿಷ್ಕೃತವಾಗಿ ಹೊರಬರುವಾಗ ಅದರ ಸಂಪಾದನೆಯಲ್ಲಿ ದುಡಿದರು. ಅಳತೆಯ ದೋಷವನ್ನು ಬಲ್ಲವನಿಗೆ ಪಾಠದ ದೋಷವು ಪರಕೀಯವಲ್ಲ.

ಸ್ವತಂತ್ರ ಸಾಕ್ಷಿಯ ಬೆಲೆಗೆ ಒಂದು ದೃಷ್ಟಾಂತವನ್ನು ಕೊಡಬಹುದು. 2008ರ ಜುಲೈಯಲ್ಲಿ ಡೇವ್ ಜುರಾಸೆವಿಚ್ ಹಂಸ ರಾಶಿಯಲ್ಲಿ ಸಾಬೂನು ಗುಳ್ಳೆಯಂಥ ಒಂದು ಗ್ರಹೀಯ ನೀಹಾರಿಕೆಯನ್ನು ತನ್ನ ಚಿತ್ರಗಳಲ್ಲಿ ಗುರುತಿಸಿದನು. ಕೆಲವೇ ದಿನಗಳಲ್ಲಿ ಕ್ವಾಟ್ರೊಕಿ, ಹೆಲ್ಮ್ ಎಂಬವರು ಬೇರೆ ಸಲಕರಣೆಯಿಂದ ಅದನ್ನೇ ಕಂಡರು. ಎರಡು ಶಾಖೆಗಳ ಪ್ರತಿಗಳು ಒಪ್ಪಿದಾಗ ಪಾಠವು ನಿಂತಿತು.

ಇಂದಿನ ಅಪಾಯವು ಬೇರೆ ಕಡೆಯಿಂದ ಬಂದಿದೆ. ಸಾವಿರಾರು ಚಿತ್ರಗಳಿಂದ ಕಲಿತ ಗಣಕಯಂತ್ರವು ಮಸುಕಾದುದನ್ನು ಚೂಪುಗೊಳಿಸುವಾಗ, ಆಕಾಶದಲ್ಲಿ ಇಲ್ಲದ ಎಳೆಗಳನ್ನೂ ನೇಯಬಲ್ಲುದು. ಲುಪ್ತವಾದ ಪದ್ಯಕ್ಕೆ ಸಂಪಾದಕನು ತಾನೇ ಚರಣ ಕಟ್ಟಿ, ಕಂಸವನ್ನೂ ಹಾಕದೆ ಕವಿಯ ಹೆಸರಿನಲ್ಲಿ ಅಚ್ಚು ಮಾಡಿಸಿದಂತೆ ಇದು. ಚರಣವು ಸೊಗಸಾಗಿದ್ದಷ್ಟೂ ಹಾನಿ ಹೆಚ್ಚು. ಅದೇಕೆಂದರೆ ಮುಂದಿನವರು ಅದನ್ನೇ ಪ್ರಮಾಣವೆಂದು ಎತ್ತಿಕೊಳ್ಳುತ್ತಾರೆ. ಬಣ್ಣದ ಮಾತು ಹಾಗಲ್ಲ. ಜಲಜನಕದ ಕೆಂಪನ್ನು ಹಸುರೆಂದು ತೋರಿಸುವುದು ಭಾಷಾಂತರ. ಹೇಳಿ ಮಾಡಿದರೆ ಅದರಲ್ಲಿ ಮೋಸವಿಲ್ಲ.

ಆದುದರಿಂದ ಇಂಥ ಚಿತ್ರವನ್ನು ಬೆಲೆಕಟ್ಟುವವರು ಅದರ ಕಾಂತಿಗಿಂತ ಮೊದಲು ಅದರ ಪೀಠಿಕೆಯನ್ನು ನೋಡಬೇಕು: ಪ್ರತಿಗಳೆಷ್ಟು, ಯಾವ ಶೋಧಕ, ಏನನ್ನು ಕಳೆದುದು, ಏನನ್ನು ಕೂಡಿಸಿದುದು. ಈ ವಿವರಗಳಿರುವ ಮಸುಕು ಚಿತ್ರವು, ವಿವರಗಳಿಲ್ಲದ ಉಜ್ವಲ ಚಿತ್ರಕ್ಕಿಂತ ಮೇಲು. ಹೊಸ ಅಗ್ರಹಾರದ ಹಿತ್ತಿಲಿನಿಂದ ತೆಗೆದುದಾಗಲಿ ಪಾಲೋಮಾರ್ ಬೆಟ್ಟದ ಮೇಲಿನಿಂದ ತೆಗೆದುದಾಗಲಿ, ಸಂದೇಹವಿರುವಲ್ಲಿ ಸಂದೇಹವನ್ನು ಉಳಿಸಿಕೊಂಡ ಪಾಠವೇ ಬಾಳತಕ್ಕುದು.